ಹದಿನೇಳನೇ ಮನೆಯ ಹೆಪ್ಪು

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಯಂತ್ರ ಟಿಣ್ ಅಂದಿತು. ಇಂಚರಾ ಮಂಡಕ್ಕಿ ತಿನ್ನುತ್ತ ಕೂತಿದ್ದವಳು ಪೊಟ್ಟಣ ಎಲ್ಲಿ ಬಿತ್ತು ಅಂತಲೂ ನೋಡದೆ ಎದ್ದು ಹೋಗಿ ತೆರೆಯ ಮುಂದೆ ನಿಂತಳು.

ತೆರೆಯ ಮೇಲೆ ಇಪ್ಪತ್ತಮೂರು ಗೆರೆ. ಹರಿಹರದ ಬಳೆಗಾರ ಓಣಿಯಲ್ಲಿ ಇರುವುದು ಇಪ್ಪತ್ತಮೂರು ಮನೆ, ಮನೆಗೊಂದರಂತೆ ಮೊಸರು, ಮೊಸರಿಗೊಂದು ಗೆರೆ. ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತದೆ ಅಂದುಕೊಂಡಿದ್ದಳು. ಆದರೆ ಗೆರೆಗಳೆಲ್ಲ ಮೇಲೇರುತ್ತ, ಒಂದರೊಳಗೊಂದು ಸೇರುತ್ತ, ಕೊನೆಗೆ ಒಂದೇ ಚುಕ್ಕೆಯಲ್ಲಿ ಹೋಗಿ ನಿಂತಿದ್ದವು. ಚುಕ್ಕೆಯ ಪಕ್ಕದಲ್ಲಿ ಮನೆ ನಂಬರು ಇತ್ತು. ಹದಿನೇಳು.

"ಸರ್," ಅಂದಳು. ಇನ್ನೊಮ್ಮೆ ಜೋರಾಗಿ ಕೂಗಿದಳು. ಆಚೆ ಮೇಜಿನಿಂದ ಇಮ್ತಿಯಾಜ್ ಸರ್ ಕನ್ನಡಕ ಒರೆಸುತ್ತ ಬಂದರು. ದಾವಣಗೆರೆಯ ಆ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಗಳ ಪ್ರಯೋಗಾಲಯ ಅವರದು, ಜೀವಾಣುಗಳ ವಂಶಲಿಪಿ ಓದುವ ಯಂತ್ರವೂ ಅವರದೇ.

"ಏನಮ್ಮಾ, ಮೊಸರು ಬಾಯಿ ಬಿಡ್ತಾ?"

"ಬಾಯಿ ಬಿಡೋದೇನು ಸರ್, ಕಿರುಚ್ತಾ ಇದೆ. ನೋಡಿ ಇಲ್ಲಿ."

ಅವರು ನೋಡಿದರು. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಹದಿನೇಳು ಅಂದ್ರೆ ಆ ನರ್ಸಮ್ಮನ ಮನೆ ಅಲ್ವಾ?" ಅಂದರು. ಇಂಚರಾ ಹೌದೆಂದು ಎರಡೆರಡು ಸಲ ತಲೆಯಾಡಿಸಿದಳು. ಖುಷಿಗೋ ಹೆದರಿಕೆಗೋ, ಅವಳಿಗೇ ಗೊತ್ತಾಗಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಚರಾ ವಿಜ್ಞಾನ ಓದಿದವಳಲ್ಲ. ಕನ್ನಡ ವಿಭಾಗದವಳು, ಓಲೆಗರಿಗಳನ್ನು ಹೋಲಿಸಿ ಯಾವ ಪ್ರತಿ ಯಾವುದರ ನಕಲು ಅಂತ ಹೇಳುವ ಕೆಲಸ ಕಲಿತವಳು. ಹತ್ತೊಂಬತ್ತು ವರ್ಷದ ಹಿಂದೆ ಮಾಗಿಜ್ವರ ಬಂದಿತ್ತಲ್ಲ, ಊರೂರನ್ನೇ ಮೂಲೆಗೆ ಕೂರಿಸಿದ ಜ್ವರ, ಅದು ಜನರ ನಡುವೆ ಏನು ಮಾಡಿತು ಅಂತ ತಿಳಿಯುವ ಬುದ್ಧಿ ಸರ್ಕಾರಕ್ಕೆ ಈಗ ಬಂದಿತ್ತು. ಎಷ್ಟು ಜನ ಸತ್ತರು ಅನ್ನುವುದು ಡಾಕ್ಟರುಗಳಿಗೆ ಗೊತ್ತಿತ್ತು. ಯಾರು ಯಾರ ಮುಖಕ್ಕೆ ಬಾಗಿಲು ಹಾಕಿದರು, ಯಾರು ಗೋಡೆ ಮೇಲಿಂದ ಅನ್ನ ಕೊಟ್ಟರು, ಯಾವ ಮನಸ್ತಾಪ ಇನ್ನೂ ಉಳಿದಿದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇತಿಹಾಸದವರು, ಜಾನಪದದವರು, ನಾಟಕದವರು, ಇಂಚರಾಳಂಥ ಕನ್ನಡದವರು ಎಲ್ಲರನ್ನೂ ಕರೆದು 'ಮಾಗಿಜ್ವರ ಸ್ಮೃತಿ ಭಂಡಾರ' ಅಂತ ಮಾಡಿದರು. ಓಣಿಗೊಂದು ಪುಟ. ಜನ ಹೇಳಿದ್ದನ್ನು ದನಿ ಸಮೇತ ಪುಟದಲ್ಲಿಟ್ಟು ಮುದ್ರೆ ಹಾಕುವುದು. ಮುದ್ರೆ ಬಿದ್ದ ಮೇಲೆ ಬ್ರಹ್ಮ ಬಂದರೂ ತಿದ್ದುವ ಹಾಗಿಲ್ಲ. ಬಳೆಗಾರ ಓಣಿಯ ಪುಟಕ್ಕೆ ಇವತ್ತು ಸಂಜೆ ಆರು ಗಂಟೆಗೆ ಮುದ್ರೆ.

ಆ ಓಣಿಯಲ್ಲಿ ಇಪ್ಪತ್ತೆರಡು ಮನೆಯವರು ಒಂದೇ ಮಾತು ಹೇಳಿದ್ದರು. "ಜ್ವರ ತಂದವಳು ನರ್ಸ್ ಚೈತ್ರಾ. ಅವಳ ಮನೆಯ ಒಂದು ಚಮಚ ನೀರೂ ನಾವು ಮುಟ್ಟಿಲ್ಲ, ಅದಕ್ಕೇ ಉಳಕೊಂಡೆವು." ಜೊತೆಯ ಸಂಶೋಧಕರಿಗೆ ಸಂತೋಷವೋ ಸಂತೋಷ, ಇಷ್ಟು ಒಮ್ಮತ ಎಲ್ಲೂ ಸಿಕ್ಕಿರಲಿಲ್ಲ. ಇಂಚರಾಗೆ ಮಾತ್ರ ಮೈ ಉರಿಯಿತು. ಇಪ್ಪತ್ತೆರಡು ಓಲೆಗರಿಯಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ಒಂದೇ ಸಾಲು ಇದ್ದರೆ ಅದಕ್ಕೆ ಅರ್ಥ ಒಂದೇ, ಎಲ್ಲರೂ ಒಂದೇ ಪ್ರತಿಯಿಂದ ನಕಲು ಮಾಡಿದ್ದಾರೆ. ನೀರು ಅಂದವರೆಲ್ಲ ಲೋಟ ಅನ್ನದೆ ಚಮಚ ಅಂದದ್ದೇಕೆ? ಮೊದಲು ಅಂದವರು ಯಾರು?

ಅವಳಿಗೆ ಆ ಸಾಲು ಹೊಸದೂ ಅಲ್ಲ. ಅವಳು ಹುಟ್ಟಿ ಬೆಳೆದದ್ದೇ ಆ ಓಣಿಯ ಒಂಬತ್ತನೇ ಮನೆಯಲ್ಲಿ. ಏಳು ವರ್ಷದವಳಿದ್ದಾಗ ಅಪ್ಪ ಆ ಜ್ವರದಲ್ಲೇ ಹೋದರು. ಅವತ್ತಿನಿಂದ ಅನ್ನದ ಜೊತೆ ಆ ಸಾಲನ್ನೂ ಉಂಡು ಬೆಳೆದಿದ್ದಾಳೆ. ಹಾಗಾಗಿ ಅವಳಿಗೆ ಬಾಯಿಮಾತಿನ ಸಹವಾಸವೇ ಸಾಕಾಯಿತು. ಮಾತಾಡದ ಸಾಕ್ಷಿ ಏನಾದರೂ ಇದೆಯೇ ಅಂತ ಹುಡುಕುತ್ತಿದ್ದಾಗ ಒಂದು ದಿನ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಳು. ಅಮ್ಮ ಪಲ್ಲವಿ, "ದೀಪ ಹಚ್ಚೋಕೆ ಮುಂಚೆ ಬಂದೆಯಲ್ಲ ಪುಣ್ಯಾತ್ಗಿತ್ತಿ, ಆಮೇಲಾಗಿದ್ರೆ ಕೊಡ್ತಾ ಇರಲಿಲ್ಲ," ಅಂತ ಒಂದು ಚಮಚ ಮೊಸರು ಹಾಕಿ ಕಳಿಸಿದಳು. ಅಷ್ಟೇ ಸಾಕಾಯಿತು. ಓಲೆಗರಿ ನಕಲಾಗುವುದೂ ಹೀಗೇ ಅಲ್ಲವೇ, ಮನೆಯಿಂದ ಮನೆಗೆ?

ಮರುದಿನವೇ ಇಮ್ತಿಯಾಜ್ ಸರ್ ಮುಂದೆ ಹೋಗಿ ಕೂತಳು. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ವಿಷಯ ಸರಳ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಿನ ಜೀವಾಣುಗಳು ಏಳು ತಲೆಮಾರು ಕಳೆಯುತ್ತವೆ. ಹತ್ತೊಂಬತ್ತು ವರ್ಷಕ್ಕೆ ನಲವತ್ತೆಂಟು ಸಾವಿರ ತಲೆಮಾರು. ತಿಂಗಳಿಗೆ ಒಂದೋ ಎರಡೋ ಕಡೆ ಅವುಗಳ ವಂಶಲಿಪಿಯಲ್ಲಿ ಕೈತಪ್ಪು ಆಗುತ್ತದೆ, ಆದ ತಪ್ಪು ಮಕ್ಕಳುಮರಿಗೆ ಹಾಗೇ ಇಳಿಯುತ್ತದೆ. ಎರಡು ಮನೆಯ ಮೊಸರಲ್ಲಿ ಒಂದೇ ಹಳೇ ತಪ್ಪುಗಳಿದ್ದರೆ ಹೆಪ್ಪು ಒಂದೇ ಕಡೆಯದು. ಹೊಸ ತಪ್ಪುಗಳನ್ನು ಎಣಿಸಿದರೆ ಹೆಚ್ಚುಕಮ್ಮಿ ಯಾವ ತಿಂಗಳು ಬೇರೆಯಾದವು ಅಂತಲೂ ತಿಳಿಯುತ್ತದೆ. "ನಾವು ಇಷ್ಟು ವರ್ಷ ಇದನ್ನ ಕಸ ಅಂತ ಬಿಸಾಕ್ತಿದ್ವಲ್ಲಮ್ಮಾ," ಅಂತ ಅವರು ತಲೆ ಚಚ್ಚಿಕೊಂಡರು.

ಮೊಸರು ಕೇಳಿದರೆ ಓಣಿಯವರಾರೂ ಬೇಡ ಅನ್ನಲಿಲ್ಲ. ಹದಿನೇಳನೇ ಮನೆಗೆ ಹೋಗುವಾಗ ಮಾತ್ರ ಇಂಚರಾ ಕಾಲು ತಡೆತಡೆದು ಇಟ್ಟಳು, ಏಕೆಂದರೆ ಆ ಬಾಗಿಲನ್ನು ಅವಳೂ ಈವರೆಗೆ ತಟ್ಟಿದವಳಲ್ಲ. ಚೈತ್ರಾ ಬಾಗಿಲು ತೆರೆದಳು. ಐವತ್ತೈದರ ಹೆಂಗಸು, ತಲೆ ಅರ್ಧ ನರೆತಿತ್ತು. ಮೊಸರಿನ ವಿಷಯ ಕೇಳಿ ಅವಳ ಮುಖ ಒಂದು ಗಳಿಗೆ ಒಂಥರಾ ಆಯಿತು, ಆಮೇಲೆ ನಕ್ಕಳು.

"ನಿಮ್ಮ ಓಣಿ ಲೆಕ್ಕದಾಗೆ ನಾನಿಲ್ಲವಲ್ಲಮ್ಮಾ. ನನ್ನ ಮೊಸರು ಯಾಕೆ?"

"ಮನೆ ಇಪ್ಪತ್ತಮೂರಲ್ವಾ ಆಂಟಿ?"

"ತಗೋ ಹಂಗಾರೆ. ನನ್ನ ಹೆಸರು, ಮನೆ ನಂಬರು, ಏನು ಬೇಕಾದ್ರೂ ಬರ್ಕೋ. ಆದ್ರೆ ಜ್ವರದ ಕಾಲದ್ದು ನಾನೇನೂ ಹೇಳೋಳಲ್ಲ." ಡಬ್ಬಿ ಮುಚ್ಚಿ ಕೊಡುತ್ತ ಮತ್ತೂ ಒಂದು ಮಾತು ಅಂದಳು. "ಆ ಪುಟಕ್ಕೆ ಜ್ವರ ತಂದೋಳು ನಾನೇ ಅಂತ ಬರೆದು ಮುದ್ರೆ ಹಾಕಿದ್ರೆ ನಾನು ಮರುದಿನ ಬೀಗ ಹಾಕ್ಕೊಂಡು ಹೊರಡ್ತೀನಿ. ಹತ್ತೊಂಬತ್ತು ವರ್ಷ ಬಾಯಿಮಾತು ಅಂತ ತಡ್ಕೊಂಡೆ. ಬರವಣಿಗೆ ಆದ್ರೆ ತಡ್ಕೊಳಕ್ಕಾಗಲ್ಲ."

ಈಗ ಆ ಡಬ್ಬಿಯ ಮೊಸರೇ ಇಡೀ ಓಣಿಯ ತಾಯಿ ಅಂತ ಯಂತ್ರ ಹೇಳುತ್ತಿತ್ತು.

"ನಿಧಾನ," ಅಂದರು ಇಮ್ತಿಯಾಜ್ ಸರ್. ಕುಣಿಯುವವರ ಕಾಲಿಗೆ ಹಗ್ಗ ಕಟ್ಟುವುದು ಅವರ ಅಭ್ಯಾಸ. "ಜ್ವರಕ್ಕೆ ಮುಂಚೆ ತಗೊಂಡಿರಬಹುದಲ್ಲ?"

"ತಿಂಗಳು ನೋಡಿ ಸರ್. ಓಣಿ ಮುಚ್ಚಿದ ತಿಂಗಳೇ. ಎರಡೂ ತುದಿಗೆ ತಗಡು ಹೊಡೆದು ನಲವತ್ತು ದಿನ ಮುಚ್ಚಿದ್ರು. ಮೊದಲ ಹನ್ನೊಂದು ದಿನ ಹಾಲಿನ ಗಾಡಿ ಬರಲೇ ಇಲ್ಲ. ಎಲ್ಲರ ಮನೆ ಹೆಪ್ಪೂ ಸತ್ತುಹೋಯ್ತು. ಚೈತ್ರಾ ಆಂಟಿ ಒಬ್ರೇ ದಿನಾ ಆಸ್ಪತ್ರೆಗೆ ಹೋಗಿ ಬರ್ತಿದ್ರು, ಅಲ್ಲಿ ಹಾಲಿತ್ತು, ಅವರ ಹೆಪ್ಪು ಉಳೀತು."

"ಹಾಲು ಬಂದ ಮೇಲೆ ಹೆಪ್ಪಿಲ್ಲದೇನೇ ಮೆಣಸಿನಕಾಯಿ ತೊಟ್ಟು ಹಾಕಿ ಹೊಸದಾಗಿ ಮಾಡ್ಕೊಳ್ಳಬಹುದಿತ್ತು."

"ಹಾಗಿದ್ರೆ ಇಪ್ಪತ್ತೆರಡು ಮನೇಲಿ ಇಪ್ಪತ್ತೆರಡು ವಂಶ ಇರಬೇಕಿತ್ತು ಸರ್."

ಅವರು ಹೂಂಗುಟ್ಟಿ, ಬೆರಳಿನಿಂದ ತೆರೆಯನ್ನು ಹಿಗ್ಗಿಸಿದರು. ಆಗ ಇನ್ನೊಂದು ವಿಚಿತ್ರ ಕಂಡಿತು. ಹದಿನೇಳನೇ ಮನೆಯಲ್ಲಿ ಐದು ಬಗೆಯ ಜೀವಾಣುಗಳಿದ್ದರೆ ಮಿಕ್ಕ ಇಪ್ಪತ್ತೆರಡರಲ್ಲೂ ಇದ್ದದ್ದು ಅದೇ ಮೂರು. "ಅಂದ್ರೆ ಆ ಮನೆಯಿಂದ ಹೆಪ್ಪು ಹೊರಗೆ ಹೋಗಿರೋದು ಒಂದೇ ಸಲ, ಒಂದೇ ಚಮಚ. ಒಬ್ಬರು ತಗೊಂಡು ಮಿಕ್ಕವರಿಗೆಲ್ಲ ಹಂಚಿದ್ದಾರೆ," ಅಂದರು. "ಮತ್ತೆ ಇದ್ಯಾರು ಹೊರಗಿನವನು? ಇಪ್ಪತ್ತೆರಡರಲ್ಲೂ ಇದ್ದಾನೆ, ಹದಿನೇಳರಲ್ಲಿ ಇಲ್ಲ. ಹಾಲಿನವನೂ ಅಲ್ಲ, ಗಿಡದ ಮೇಲೆ ಬದುಕೋನು. ಇಪ್ಪತ್ತೊಂದು ಮನೇಲಿ ಹಳಬನಾಗಿ ಸೊರಗಿದ್ದಾನೆ. ಒಂದು ಮನೇಲಿ ಮಾತ್ರ ದಿನಾ ಹೊಸದಾಗಿ ಬರ್ತಿದ್ದಾನಪ್ಪ."

ಇಂಚರಾ ಆ ಒಂದು ಮನೆಯ ನಂಬರು ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಹೆಪ್ಪು ಇದ್ದರೂ ಹಾಲಿಗೆ ತೊಟ್ಟಿನ ಸಮೇತ ಒಂದು ಹಸಿಮೆಣಸಿನಕಾಯಿ ಹಾಕಿ, "ಗಟ್ಟಿಯಾಗ್ಲಿ," ಅಂತ ಮುಚ್ಚುವ ಕೈ ಆ ಓಣಿಯಲ್ಲಿ ಒಂದೇ ಇತ್ತು. ಚಿಕ್ಕಂದಿನಿಂದ ಮೊಸರಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡವಳು ಅವಳು.

"ನಮ್ಮಮ್ಮ," ಅಂದಳು, ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಳು.

ಇಮ್ತಿಯಾಜ್ ಸರ್ ಇನ್ನೊಂದು ಕುರ್ಚಿ ಎಳೆದುಕೊಂಡು ಎದುರು ಕೂತರು. ಆಮೇಲೆ ನಿಯಮ ನೆನಪಿಸಿದರು. ಯಾವ ಮನೆಯ ನಂಬರನ್ನು ಪುಟದಲ್ಲಿ ಬರೆದರೂ ಆ ಮನೆಯವರು ಸ್ವಂತ ಬಾಯಲ್ಲಿ ಒಪ್ಪಿ ಹೇಳಿದ ದನಿ ಬೇಕು. ಹದಿನೇಳರದ್ದು ಇದೆ, ಒಂಬತ್ತರದ್ದು ಬೇಕು. ಒಂಬತ್ತು ಇಲ್ಲದೆ ಈ ವಂಶವೃಕ್ಷಕ್ಕೆ ಕಾಂಡವೇ ಇರುವುದಿಲ್ಲ, ಭಂಡಾರದ ಸಮಿತಿ ಒಪ್ಪುವುದಿಲ್ಲ. ಆಗ ಹಳೇ ಸಾಲೇ ಖಾಯಂ, ಚೈತ್ರಾ ಜ್ವರ ತಂದವಳಾಗಿಯೇ ಉಳಿಯುತ್ತಾಳೆ.

"ನಾನು ಇಲ್ಲೇ ಪುಟ ತೆರೆದಿಟ್ಕೊಂಡು ಕೂತಿರ್ತೀನಿ. ನೀನು ಹೊರಡು," ಅಂದರು.

ಹರಿಹರ ದೂರವೇನಲ್ಲ, ಬಸ್ಸಿನಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಇಂಚರಾ ನೂರು ಸಲ ಬೇಡವೆಂದುಕೊಂಡಳು, ನೂರು ಸಲ ಹೇಳಲೇಬೇಕೆಂದುಕೊಂಡಳು. ಹೊಸದೊಂದನ್ನು ಕಂಡುಹಿಡಿದ ಸಂಭ್ರಮ ಎದೆಯಲ್ಲಿ ಗುದ್ದುತ್ತಿತ್ತು. ಅದನ್ನು ಯಾರ ಮುಂದೆ ಹೇಳಿಕೊಂಡು ಕುಣಿಯಬೇಕು ಅನ್ನಿಸುತ್ತಿತ್ತೋ, ಆ ಅಮ್ಮನ ಮುಂದೆಯೇ ಹೇಳಲು ಹೆದರಿಕೆಯಾಗುತ್ತಿತ್ತು.

ಪಲ್ಲವಿ ಪಡಸಾಲೆಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಮಗಳು ಹೊತ್ತಲ್ಲದ ಹೊತ್ತಿಗೆ ಬಂದದ್ದು ನೋಡಿ, "ಊಟ ಆಯ್ತೇನೇ?" ಅಂದಳು. ಇಂಚರಾ ಊಟದ ಮಾತು ಬಿಟ್ಟು ಹಾಳೆ ಬಿಡಿಸಿ ತೋರಿಸಿದಳು. ಗೆರೆ ಯಾವುದು, ಚುಕ್ಕೆ ಯಾವುದು, ಮೆಣಸಿನಕಾಯಿ ಎಲ್ಲಿ ಬಂತು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ದನಿ ತಾನಾಗಿ ಏರಿತು, ಎಷ್ಟಾದರೂ ಅವಳೇ ಕಂಡುಹಿಡಿದದ್ದಲ್ಲವೇ. ಪಲ್ಲವಿಯ ಸೂಜಿ ನಿಂತಿತು.

"ನನ್ನ ಮನೆ ಮೊಸರು ತಗೊಂಡು ಹೋಗಿದ್ದು ಇದಕ್ಕಾ?"

"ಅಮ್ಮಾ, ನನಗೂ ಗೊತ್ತಿರಲಿಲ್ಲ."

"ಹೆತ್ತವಳ ಮನೇಲೇ ಪೊಲೀಸ್ ಕೆಲಸ ಮಾಡ್ದೆಯಲ್ಲೇ. ನಾನು ಅವಳ ಮನೆಯ ಒಂದು ಚಮಚ..." ಅಂದವಳಿಗೆ ಮುಂದಿನದು ಹೇಳಲಾಗಲಿಲ್ಲ. ಬ್ಲೌಸನ್ನು ಮಡಿಲಿಗೆ ಹಾಕಿಕೊಂಡು ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಅಂತ. ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ನಿಮ್ಮಪ್ಪ ಜ್ವರದಾಗೆ ಮೊಸರನ್ನ ಬೇಕು ಅಂದ್ರು," ಅಂತ ಶುರು ಮಾಡಿದಳು. "ಹನ್ನೆರಡನೇ ದಿನ ಹಾಲೇನೋ ಬಂತು, ಹೆಪ್ಪು ಎಲ್ಲಿಂದ ತರ್ಲಿ? ಮೆಣಸಿನಕಾಯಿ ತೊಟ್ಟು ಹಾಕಿದೆ. ಆಗೋ ಲಕ್ಷಣ ಕಾಣಲಿಲ್ಲ. ಅವರು ಮತ್ತೆ ಮತ್ತೆ ಕೇಳೋರು, ಚಿಕ್ಕ ಮಕ್ಕಳಂಗೆ. ಹಿತ್ತಲ ಗೋಡೆ ಆಚೆಗೆ ಚೈತ್ರನ ಮನೆಯಲ್ವಾ. ಅವಳು ಆಸ್ಪತ್ರೆಯಿಂದ ಬರೋ ಹೊತ್ತಿಗೆ ದೀಪ ಹಚ್ಚಾಗಿತ್ತು. ನಾಚಿಕೆ ಬಿಟ್ಟು ಕೇಳಿದೆ."

"ಏನಂದ್ರು?"

"ದೀಪ ಹಚ್ಚಿದ ಮೇಲೆ ಕೊಟ್ರೆ ನಮ್ಮನೆಗೆ ಕೇಡು ಅಂತಾರೆ, ಇರ್ಲಿ ಬಿಡು, ನಿನ್ನ ಗಂಡ ಉಣ್ಲಿ ಅಂದ್ಲು. ಬಟ್ಟಲು ಕುದಿಯೋ ನೀರಾಗೆ ತೊಳೆದು, ಆಸ್ಪತ್ರೆಗೆ ಒಯ್ಯೋ ತನ್ನ ಮೊಸರಿನ ಡಬ್ಬಿಯಿಂದ ಒಂದು ಚಮಚ ಹಾಕಿ, ಕೋಲಿನ ತುದಿಗೆ ಕಟ್ಟಿ ಗೋಡೆ ದಾಟಿಸಿದ್ಲು. ಆ ಮೆಣಸಿನಕಾಯಿ ಹಾಲಿಗೇ ಹಾಕಿದೆ. ಬೆಳಿಗ್ಗೆ ಕಲ್ಲಿನಂಥ ಮೊಸರು." ಪಲ್ಲವಿ ಮೂಗು ಒರೆಸಿಕೊಂಡಳು. "ಓಣಿ ತಿರುವಿನ ರಮ್ಯಕ್ಕ ಬಂದು ಬಟ್ಟಲು ಹೊಸಲ ಮೇಲಿಟ್ಟು ದೂರ ನಿಂತ್ಲು. ಅವಳಿಂದ ಇನ್ನೊಬ್ಬಳು. ಮಕ್ಕಳು ಬರೀ ಗಂಜಿ ಕುಡಿದು ಸೋತಿದ್ವು, ಕೇಳಿ ಬಂದೋರಿಗೆಲ್ಲ ಕೊಟ್ಟೆ. ಯಾರದ್ದು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದಾದ ಮೂರನೇ ದಿನ ನಿಮ್ಮಪ್ಪ ಹೋದ್ರು."

ಇಂಚರಾ ಅಮ್ಮನ ಕೈ ಹಿಡಿದುಕೊಂಡಳು.

"ಹೊತ್ತಲ್ಲದ ಹೊತ್ತಲ್ಲಿ ತಗೊಂಡೆ. ಜ್ವರದವರ ಸೇವೆ ಮಾಡೋಳ ಕೈಯಿಂದ ತಗೊಂಡೆ. ನನ್ನ ಕೈಯಾರೆ ಉಣಿಸ್ದೆ ಕಣೇ. ಅವತ್ತು ರಮ್ಯಕ್ಕ, ಆ ನರ್ಸಿಂದ್ಲೇ ಜ್ವರ ಬಂದಿದ್ದು ಅಂದ್ಲು. ನನಗೆ ಎದೆ ಧಸಕ್ ಅಂತು. ಈಗ ಹೆಪ್ಪಿನ ವಿಷಯ ಗೊತ್ತಾದ್ರೆ ನಮ್ಮ ಮಕ್ಕಳಿಗೆ ಏನು ತಿನ್ಸಿದೆ ಅಂತ ಎಲ್ಲರೂ ನನ್ನ ಮೇಲೆ ಬೀಳ್ತಾರೆ ಅನ್ನಿಸ್ತು. ನಾನಂತೂ ಅವಳ ಮನೆಯ ಒಂದು ಚಮಚ ನೀರೂ ಮುಟ್ಟಿಲ್ಲಪ್ಪ ಅಂದುಬಿಟ್ಟೆ. ಎಲ್ಲರೂ ಹಂಗೇ ಅಂದ್ರು."

ಮೂಲಪ್ರತಿ ಸಿಕ್ಕಿತ್ತು. ಇಂಚರಾ ವರ್ಷವಿಡೀ ಹುಡುಕಿದ್ದು ಅದನ್ನೇ. ಸಿಕ್ಕಾಗ ಕುಣಿಯಬೇಕೆಂದಿದ್ದವಳು ಅಮ್ಮನ ಮುಖ ನೋಡಿ ಅತ್ತುಬಿಟ್ಟಳು.

"ಅಪ್ಪ ಉಂಡ್ರಾ?" ಅಂತ ಕೇಳಿದಳು.

"ಎರಡು ತುತ್ತು. ಚೆನ್ನಾಗೈತೆ ಅಂದ್ರು."

ಇಂಚರಾ ಕಣ್ಣೊರೆಸಿಕೊಂಡು ಎರಡನೇ ಹಾಳೆ ತೆಗೆದಳು. ಅದು ಯಂತ್ರದ್ದಲ್ಲ, ಜ್ವರದ ಕಾಲದ ಆರೋಗ್ಯ ಇಲಾಖೆಯ ಪಟ್ಟಿ. "ಇಲ್ಲಿ ನೋಡು. ಅಪ್ಪನಿಗೆ ಜ್ವರ ಬಂದಿದ್ದು ಓಣಿ ಮುಚ್ಚಿದ ನಾಲ್ಕನೇ ದಿನ, ಹೆಪ್ಪು ಬಂದಿದ್ದು ಹನ್ನೆರಡನೇ ದಿನ. ಚೈತ್ರಾ ಆಂಟಿಗೆ ಆಸ್ಪತ್ರೇಲಿ ದಿನಾ ಪರೀಕ್ಷೆ ಮಾಡೋರು, ಒಂದು ದಿನವೂ ಜ್ವರ ಇರಲಿಲ್ಲ."

"ಗೊತ್ತು ಕಣೇ. ಉಸಿರಿನ ಜ್ವರ, ಊಟದ್ದಲ್ಲ ಅಂತ ಆಮೇಲೆ ಟೀವೀಲೂ ಹೇಳಿದ್ರು. ತಲೆಗೆಲ್ಲ ಗೊತ್ತು."

"ಇದು ಗೊತ್ತಿಲ್ಲ ನಿನಗೆ. ನಿನ್ನ ಹೆಪ್ಪು ಇಡೀ ಓಣಿಗೆ ಹೋಯ್ತು ಅಂತ ಇವತ್ತಿನವರೆಗೆ ನಿನಗೂ ಖಾತ್ರಿ ಇರಲಿಲ್ಲ. ಇಪ್ಪತ್ತೆರಡು ಮನೆ, ನೂರಾ ನಾಲ್ಕು ಜನ ಅದನ್ನ ಉಂಡಿದ್ದಾರೆ. ಆಮೇಲೆ ಈ ಓಣೀಲಿ ಒಬ್ಬರಿಗೂ ಹೊಸದಾಗಿ ಜ್ವರ ಬಂದಿಲ್ಲ. ಮೊಸರು ವಾಸಿ ಮಾಡ್ತು ಅಂತ ನಾನು ಹೇಳ್ತಿಲ್ಲ. ನೀನು ಕೊಟ್ಟಿದ್ದರಿಂದ ಯಾರಿಗೂ ಏನೂ ಆಗಿಲ್ಲ ಅಂತ ಹೇಳ್ತಿದೀನಿ. ಅಪ್ಪನಿಗೂ ಸೇರಿ."

ಪಲ್ಲವಿ ಪಟ್ಟಿ ತೆಗೆದುಕೊಂಡಳು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಹನ್ನೆರಡನೇ ದಿನದ ಕೆಳಗೆ ಬೆರಳು ಖಾಲಿ ಕಾಗದದ ಮೇಲೆ ಇಳಿಯುತ್ತಾ ಹೋಯಿತು. ಓದಿ ಮುಗಿದ ಮೇಲೂ ಹಾಳೆ ಕೆಳಗಿಡಲಿಲ್ಲ.

"ಚೈತ್ರಾ ಆಂಟಿ ಯಾಕಮ್ಮ ಹೇಳಲಿಲ್ಲ?" ಅಂದಳು ಇಂಚರಾ. "ಒಂದು ಮಾತು ಅಂದಿದ್ರೆ ಸಾಕಿತ್ತಲ್ಲ."

"ಅಂದಿದ್ರೆ ನಾನು ಈ ಓಣಿಯಾಗೆ ಇರ್ತಿದ್ನಾ? ಏಳು ವರ್ಷದ ಕೂಸು ಕಟ್ಕೊಂಡು ಎಲ್ಲಿಗೆ ಹೋಗ್ತಿದ್ದೆ? ಅದು ಅವಳಿಗೆ ಗೊತ್ತಿತ್ತು." ಪಲ್ಲವಿ ಎದ್ದು ಒಳಗೆ ಹೋದಳು. "ನೀನು ಸುಮ್ನಿರು ಈಗ. ನನ್ನ ಪಾಡಿಗೆ ನನ್ನ ಬಿಡು."

ಮೂರಾಯಿತು, ನಾಲ್ಕಾಯಿತು. ಇಂಚರಾ ಪಡಸಾಲೆಯಲ್ಲಿ ಕೂತಲ್ಲಿ ಕೂರಲಾರದೆ ಚಡಪಡಿಸಿದಳು. ಅಮ್ಮ ಒಲ್ಲೆ ಅಂದರೆ ಒತ್ತಾಯ ಮಾಡುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದಳು, ಆದರೆ ಆ ತೀರ್ಮಾನ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಐದೂ ಇಪ್ಪತ್ತಕ್ಕೆ ಇಮ್ತಿಯಾಜ್ ಸರ್ ಫೋನು ಬಂತು. ಇನ್ನು ನಲವತ್ತು ನಿಮಿಷ ಅಂದರು. ಗೊತ್ತು ಸರ್, ಅಂದಳು. ಆಗ ಒಳಗೆ ಪಾತ್ರೆ ತಿಕ್ಕುವ ಸದ್ದು ಕೇಳಿಸಿತು.

ಅಡುಗೆಮನೆಗೆ ಹೋಗಿ ನೋಡಿದರೆ ಮೊಸರಿನ ಪಾತ್ರೆ ಬೋರಲಾಗಿತ್ತು. ಒಂದು ದಿನವೂ ಬಿಡದೆ ಹತ್ತೊಂಬತ್ತು ವರ್ಷ ಸಾಗಿಬಂದ ಹೆಪ್ಪನ್ನು ಅಮ್ಮ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದಿದ್ದಳು. ಮುಖ ತೊಳೆದು, ಬೇರೆ ಸೀರೆ ಉಟ್ಟು, ಕೈಯಲ್ಲಿ ಖಾಲಿ ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದಳು.

"ನಿನ್ನ ಆ ರೆಕಾರ್ಡರೋ ಏನೋ, ಹಾಕ್ಕೊಂಡು ಬಾ," ಅಂದಳು. "ಬೇಗ ಬಾರೇ, ಹೊತ್ತು ಮುಳುಗಿದ್ರೆ ಕೇಳಂಗಿಲ್ಲ."

ಹಿತ್ತಲ ಗೋಡೆ ಹತ್ತು ಹೆಜ್ಜೆ ದೂರವಿತ್ತು. ಪಲ್ಲವಿ ಆ ಕಡೆ ಹೋಗದೆ ಮುಂಬಾಗಿಲಿಂದ ಇಳಿದಳು. ಓಣಿಯ ತಿರುವು ಬಳಸಿ ಹೋದರೆ ಏಳು ಮನೆ ದಾಟಬೇಕು. ಸಂಜೆಯ ಹೊತ್ತು, ಜಗಲಿಗಳಲ್ಲಿ ಜನ ಇದ್ದರು. ಇಂಚರಾ ಫೋನನ್ನು ಎತ್ತಿ ಹಿಡಿದುಕೊಂಡು ಅಮ್ಮನ ಹಿಂದೆ ಓಡುಹೆಜ್ಜೆ ಹಾಕಿದಳು. ಮತ್ತೆ ಹಚ್ಚಿದ ಕರೆಯ ಆ ಕಡೆಯಿಂದ ಇಮ್ತಿಯಾಜ್ ಸರ್ ಕೇಳಿಸಿಕೊಂಡು ದನಿ ತುಂಬಿಕೊಳ್ಳುತ್ತಿದ್ದರು. ಇಂಚರಾಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಚಿಕ್ಕವಳಿದ್ದಾಗ ಅಮ್ಮನ ಸೆರಗು ಹಿಡಿದು ಹೀಗೇ ಓಡಿದ್ದು ನೆನಪಾಯಿತು.

ಎಪ್ಪತ್ತು ದಾಟಿದ ರಮ್ಯಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಓಣಿಯ ಗೆಜೆಟ್ಟು ಅವಳೇ. "ಎಲ್ಲಿಗೆ ಪಲ್ಲವಿ, ಬಟ್ಟಲು ಹಿಡ್ಕೊಂಡು ಹೊರಟೆ?"

"ಹೆಪ್ಪಿಗೆ ರಮ್ಯಕ್ಕ."

"ಅಯ್ಯ, ನಮ್ಮನೇಲಿಲ್ವಾ? ಬಾ ಕೊಡ್ತೀನಿ."

ಪಲ್ಲವಿ ನಿಂತಳು. ದನಿ ಎತ್ತರಿಸಿಯೇ ಹೇಳಿದಳು, ಆಚೆ ಈಚೆ ಜಗಲಿಯವರಿಗೂ ಕೇಳಲಿ ಅಂತ. "ನಿಮ್ಮನೇದು ನಾನು ಕೊಟ್ಟಿದ್ದು. ಓಣಿ ಮುಚ್ಚಿದಾಗ ಹೊಸಲ ಮೇಲಿಟ್ಟು ಕೊಟ್ನಲ್ಲ, ಅದು. ನಾನು ತಂದಿದ್ದು ಚೈತ್ರನ ಮನೆಯಿಂದ. ಒಂದು ಚಮಚ. ಒಂಬತ್ತನೇ ಮನೆ ಪಲ್ಲವಿ ಹೇಳ್ತಿದೀನಿ, ಬರ್ಕೊಳ್ಳೋರು ಬರ್ಕೊಳ್ಳಿ. ನೀವೆಲ್ಲ ಹತ್ತೊಂಬತ್ತು ವರ್ಷದಿಂದ ಉಣ್ತಿರೋದು ಅವಳ ಮೊಸರೇ."

ರಮ್ಯಜ್ಜಿ ಚಾಚಿದ ಕಾಲನ್ನು ಮೆಲ್ಲಗೆ ಮಡಿಚಿಕೊಂಡಳು. ಫೋನಿನೊಳಗಿಂದ, "ದನಿ ಬಂತು ಕಣಮ್ಮಾ, ಪುಟಕ್ಕೆ ಸೇರಿಸ್ತಿದೀನಿ," ಅನ್ನುವ ಮಾತು ಸಣ್ಣಗೆ ಕೇಳಿಸಿತು. ಐದೂ ನಲವತ್ತು ಆಗಿತ್ತು.

ಹದಿನೇಳನೇ ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕಟ್ಟಿಟ್ಟ ಎರಡು ಪೆಟ್ಟಿಗೆ ಕಾಣುತ್ತಿದ್ದವು. ಪಲ್ಲವಿ ಹೊಸಲ ಹೊರಗೆ ನಿಂತಳು. ಬಟ್ಟಲನ್ನು ಎರಡು ಕೈಯಲ್ಲೂ ಮುಂದೆ ಹಿಡಿದಳು, ಅಷ್ಟೇ.

ಚೈತ್ರಾ ಬಂದು ಬಟ್ಟಲು ನೋಡಿದಳು, ಪಲ್ಲವಿಯನ್ನು ನೋಡಿದಳು, ಅವಳ ಹಿಂದೆ ಜಗಲಿ ಇಳಿದು ಬಂದು ನಿಂತಿದ್ದ ಓಣಿಯನ್ನು ನೋಡಿದಳು. ಆಮೇಲೆ ಬಟ್ಟಲು ಇಸಕೊಂಡು ಪಡುವಣದ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಹೊಳೆಯಾಚೆ ಬಿಸಿಲು ಇನ್ನೂ ಒಂದು ಗೇಣು ಉಳಿದಿತ್ತು.

"ದೀಪ ಹಚ್ಚೋಕೆ ಇನ್ನೂ ಹೊತ್ತೈತೆ," ಅಂದಳು. "ಒಳಗೆ ಬಾ ಪಲ್ಲವಿ, ಕೊಡ್ತೀನಿ."